ಹಳೆಯ ಕಟ್ಟಡದೊಳಗೆ ಕಬ್ಬಿಣದ ಭದ್ರ ಕೋಣೆ: ಗೋಡೆಯನ್ನು ನೆಚ್ಚಬಹುದೇ?

ಪ್ರಶ್ನೆ (ಗದಗ-ಬೆಟಗೇರಿ)
ನಮಸ್ಕಾರ. ಅಜ್ಜನ ಕಾಲದ ಕಟ್ಟಡದಲ್ಲಿ ಪಂಪ್‌ಸೆಟ್ ಮೋಟರ್ ರಿವೈಂಡಿಂಗ್ ಅಂಗಡಿ ನಡೆಸುತ್ತಿದ್ದೇನೆ. ಕಲ್ಲು-ಮಣ್ಣಿನ ಗೋಡೆ, ಮಂಗಳೂರು ಹಂಚು, ನೆಲಕ್ಕೆ ಶಹಾಬಾದ ಫರ್ಶಿ. ಕಳೆದ ಮಳೆಗಾಲದಲ್ಲಿ ಕಳ್ಳರು ಹಂಚು ಸರಿಸಿ ಒಳಗಿಳಿದು, ತಾಮ್ರದ ತಂತಿಯನ್ನೂ ರೈತರು ದುರಸ್ತಿಗೆ ಬಿಟ್ಟಿದ್ದ ಎರಡು ಮೋಟರುಗಳನ್ನೂ ಒಯ್ದರು. ಮುಂಬಾಗಿಲಿನ ಕೀಲಿ ಹಾಕಿದಂತೆಯೇ ಇತ್ತು. ಆ ಮೋಟರುಗಳ ಬೆಲೆಯನ್ನು ನಾನೇ ತುಂಬಿಕೊಟ್ಟೆ. ಈಗ ಹಿಂದಿನ ಕೋಣೆಯ ಮೂಲೆಯಲ್ಲಿ 10 ಅಡಿ ಉದ್ದ, 8 ಅಡಿ ಅಗಲದ ಭದ್ರ ಕೋಣೆ ಮಾಡಿಸಬೇಕೆಂದಿದ್ದೇನೆ. ಎರಡು ಬದಿಗೆ ಗೋಡೆಯನ್ನೇ ಬಳಸಿಕೊಂಡು, ಉಳಿದೆರಡು ಬದಿಗೆ ಮಾತ್ರ ಜಾಳಿಗೆ ಕೂಡಿಸಿದರೆ ಸಾಕೇ?

ಉತ್ತರ (ಫ್ಯಾಬ್ರಿಕೇಶನ್ ಕೆಲಸ, ಹುಬ್ಬಳ್ಳಿ)
ಸಾಲದು. ಮಣ್ಣಿನಲ್ಲಿ ಕಟ್ಟಿದ ಗೋಡೆಯಲ್ಲಿ ಆಂಕರ್ ಬೋಲ್ಟ್ (ತೂತು ಕೊರೆದು ಗೋಡೆಯೊಳಗೆ ಕೂಡಿಸುವ ಬೋಲ್ಟು) ಬಿಗಿಯುವಾಗ ಹಿಡಿದಂತೆ ತೋರುತ್ತದೆ, ಆದರೆ ಹಾರೆಯಿಂದ ನಾಲ್ಕು ಸಲ ಮೀಟಿದರೆ ಗಿಲಾವಿನ ಸಮೇತ ಕಿತ್ತು ಬರುತ್ತದೆ. ಅಂಥ ಗೋಡೆಗೆ ಕನ್ನ ಕೊರೆಯುವುದೂ ಕಷ್ಟವಲ್ಲ. ನಿಮ್ಮ ಕಳ್ಳರು ಮೇಲಿನಿಂದ ಬಂದವರು. ಆದ್ದರಿಂದ ನಾಲ್ಕು ಬದಿ, ಮೇಲಿನ ಮುಚ್ಚಿಗೆ ಐದೂ ಕಬ್ಬಿಣದ್ದೇ ಇರಲಿ, ಗೋಡೆಯಿಂದ ಒಂದು ಗೇಣು ದೂರ ತನ್ನ ಕಾಲ ಮೇಲೆ ತಾನೇ ನಿಲ್ಲಲಿ. ಚೌಕಟ್ಟಿಗೆ 50×50×6 ಮಿ.ಮೀ. ಆಂಗಲ್ (L ಆಕಾರದ ಕಬ್ಬಿಣದ ಪಟ್ಟಿ) ಬೇಕು, ಅದು ಮೀಟರಿಗೆ ನಾಲ್ಕೂವರೆ ಕಿಲೋ ತೂಗುತ್ತದೆ. ತೆಳು ವೆಲ್ಡ್‌ಮೆಶ್ (ತಂತಿಗಳನ್ನು ಬೆಸೆದು ಮಾಡಿದ ಜಾಳಿಗೆ) ಬೇಡ, ಅದನ್ನು ಬೋಲ್ಟ್ ಕಟರ್ ಸಲೀಸಾಗಿ ಕತ್ತರಿಸುತ್ತದೆ. ಎದೆಯೆತ್ತರದವರೆಗೆ 2 ಮಿ.ಮೀ. ತಗಡು ಹೊಡೆಸಿದರೆ ಒಳಗಿನ ಸಾಮಾನು ಕಣ್ಣಿಗೂ ಬೀಳದು, ಸಂದಿಯಿಂದ ತಂತಿ ಎಳೆಯಲೂ ಬಾರದು. ಅದರ ಮೇಲೆ ಗಾಳಿಗಾಗಿ ದಪ್ಪ ಎಕ್ಸ್‌ಪಾಂಡೆಡ್ ಮೆಟಲ್ (ತಗಡನ್ನು ಸೀಳಿ ಎಳೆದು ಮಾಡಿದ ಜಾಳಿಗೆ) ಕೂಡಿಸಿ.

ಕಾಲುಗಳನ್ನು ಫರ್ಶಿಗೆ ಬೋಲ್ಟ್ ಮಾಡಿಸಬೇಡಿ. ಆ ಕಲ್ಲು ತೆಳುವಾದದ್ದು, ಅದರ ಕೆಳಗೆ ಮಣ್ಣು. ಕಾಲು ಬರುವಲ್ಲಿ ಫರ್ಶಿ ಎಬ್ಬಿಸಿ, ಒಂದೂವರೆ ಅಡಿ ಅಗೆದು, ಕಾಂಕ್ರೀಟಿನಲ್ಲಿ ಹೂಳಿಸಿ.

ಉತ್ತರ (ಬೀಜ-ಗೊಬ್ಬರದ ಅಂಗಡಿ, ಅಣ್ಣಿಗೇರಿ)
ಮೇಲಿನವರ ಮಾತು ಸರಿ. ನನ್ನ ಅನುಭವದ ಒಂದು ವಿಷಯ ಸೇರಿಸುತ್ತೇನೆ. ನಮ್ಮದು ಎರೆ ಭೂಮಿ. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ನನ್ನ ಪಂಜರದ ನಾಲ್ಕು ಕಾಲುಗಳನ್ನು ಬುಡದಲ್ಲಿ ಒಂದಕ್ಕೊಂದು ಕಟ್ಟಿಸಿರಲಿಲ್ಲವಾದ್ದರಿಂದ ಎರಡನೆಯ ವರ್ಷಕ್ಕೇ ಚೌಕಟ್ಟು ಓರೆಯಾಗಿ, ಚಿಲಕ ತೂತಿಗೆ ಕೂಡದಾಯಿತು. ಬುಡದ ಸುತ್ತಲೂ ಆಂಗಲ್ ಓಡಿಸಿ, ಮೂಲೆಗಳಿಗೆ ಅಡ್ಡಪಟ್ಟಿ ಕೊಡಿಸಿ. ಬಾಗಿಲಿನ ಬಿಜಾಗರಿಯ ಪಿನ್ನು ಹೊರಗೆ ಕಾಣುತ್ತಿದ್ದರೆ ಅದನ್ನು ತೆಗೆದು ಬಾಗಿಲನ್ನೇ ಕಳಚಬಹುದು, ಆಗ ಕೀಲಿ ಎಷ್ಟು ದೊಡ್ಡದಿದ್ದರೂ ಪ್ರಯೋಜನವಿಲ್ಲ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಕೃತಜ್ಞತೆಗಳು. ನಮ್ಮ ಒಳಬಾಗಿಲು ಎರಡೂವರೆ ಅಡಿಯಷ್ಟೇ ಅಗಲ, ತಲೆಬಾಗಿಸಿಯೇ ದಾಟಬೇಕು. ಒಳಗೇ ವೆಲ್ಡಿಂಗ್ ಮಾಡಿಸಬಹುದೇ?

ಉತ್ತರ (ಫ್ಯಾಬ್ರಿಕೇಶನ್ ಕೆಲಸ, ಹುಬ್ಬಳ್ಳಿ)
ದಯವಿಟ್ಟು ಬೇಡ. ಮೇಲೆ ಕಟ್ಟಿಗೆಯ ಜಂತಿ, ಅಂಗಡಿಯಲ್ಲಿ ಮೋಟರಿನ ಸುರುಳಿಗೆ ಹಚ್ಚುವ, ಬೇಗ ಬೆಂಕಿ ಹಿಡಿಯುವ ವೈಂಡಿಂಗ್ ವಾರ್ನಿಶ್. ಒಂದು ಕಿಡಿ ಸಾಕು. ಬಾಗಿಲಿನ ಅಳತೆ ಹಿಡಿದು ಎರಡಡಿ ಅಗಲದ ತುಂಡುಗಳನ್ನು ಹೊರಗೇ ಮಾಡಿಸಿ, ಒಳಗೆ ಬೋಲ್ಟಿನಿಂದ ಜೋಡಿಸಿ. ಪಾನಾ ಹಿಡಿಯಲಾಗದ ಗುಂಡು ತಲೆ ಹೊರಗೆ, ನಟ್ಟು ಒಳಗೆ ಬರುವಂತೆ ನೋಡಿಕೊಳ್ಳಿ. ಒಳಗೆ ದೀಪ ಹಾಕಿಸುವಿರಾದರೆ ಇಡೀ ಕಬ್ಬಿಣಕ್ಕೆ ಅರ್ಥಿಂಗ್ ಕೊಡಿಸಿ, ವಾರ್ನಿಶ್ ಡಬ್ಬಿಗಳನ್ನು ಮಾತ್ರ ಆ ಕೋಣೆಯ ಹೊರಗೇ ಇಡಿ.