ಸಹಾಯ ಬೇಕು: ತಮ್ಮನ ಯುಡಿಐಡಿ (ಅಂಗವಿಕಲರ ಗುರುತಿನ ಚೀಟಿ) ಅರ್ಜಿ ಮತ್ತು ಆಯುಕ್ತರಿಗೆ ಒಂದು ಮನವಿ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ ಮಸ್ಕ್ಯುಲರ್ ಡಿಸ್ಟ್ರೋಫಿ (ಸ್ನಾಯುಗಳು ಬರಬರುತ್ತಾ ದುರ್ಬಲವಾಗುವ ಕಾಯಿಲೆ) ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಅದೂ ಸೇರಿದೆ. ಯುಡಿಐಡಿ ಕಾರ್ಡಿಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದ್ದೇವೆ. ಅದು ಆಸ್ಪತ್ರೆಯ ಹಂತದಲ್ಲೇ ನಿಂತಿದೆ. ಕಾರ್ಡ್ ಇಲ್ಲದೆ ಮಾಸಾಶನದ ಅರ್ಜಿ ತಗೊಳ್ಳಲ್ಲ ಅಂತ ಕಚೇರಿಯಲ್ಲಿ ಹೇಳುತ್ತಾರೆ. ಅವನಿಗೆ ಈಗ ಕೂರುವುದೂ ಕಷ್ಟ. ತಪಾಸಣೆಗೆ ಕರೆದುಕೊಂಡು ಹೋಗಿ ವೈದ್ಯರಿಲ್ಲ ಅಂತ ವಾಪಸ್ ಬರುವುದು ಅವನ ಮೈಗೆ ತುಂಬಾ ನೋವು ಕೊಡುತ್ತದೆ.

ಮನೆಗೇ ಬಂದು ತಪಾಸಣೆ ಮಾಡಿಸಿಕೊಂಡವರು ಯಾರಾದರೂ ಇದ್ದೀರಾ? ಯಾರಿಗೆ ಪತ್ರ ಬರೆದಿರಿ? ನಮ್ಮ ಪಂಚಾಯಿತಿಯ ವಿಆರ್‌ಡಬ್ಲ್ಯೂ (ಅಂಗವಿಕಲರಿಗೆ ನೆರವಾಗುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಪಾಪ ಓಡಾಡುತ್ತಿದ್ದಾರೆ, ಆದರೆ ಅವರ ಕೈಯಲ್ಲಿ ಇಷ್ಟೇ ಅಲ್ವಾ.

ಇನ್ನೊಂದು ವಿಷಯ. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಈ ಕಾಯ್ದೆಯ ನಿಯಮ ತಿದ್ದಿತು. ಅಂಗವೈಕಲ್ಯ ಪ್ರಮಾಣಪತ್ರ ಕೊಡುವ ಗಡುವು ಒಂದು ತಿಂಗಳಿದ್ದದ್ದು ಮೂರು ತಿಂಗಳಾಯಿತು. ಎರಡು ವರ್ಷ ತೀರ್ಮಾನ ಆಗದಿದ್ದರೆ ಅರ್ಜಿ ನಿಷ್ಕ್ರಿಯ, ಮತ್ತೆ ಹಾಕಬೇಕು. ತಡ ಅವರದು, ಶಿಕ್ಷೆ ನಮಗೆ. ಇದು ಖಂಡಿತ ಸರಿಯಲ್ಲ. ಅದೇ ವರ್ಷದ ಜುಲೈನಲ್ಲಿ ಈ ತಿದ್ದುಪಡಿಯ ಕರಡು ಹೊರಡಿಸಿ ಸಲಹೆ ಕೇಳಿದ್ದರು. ನಮ್ಮ ಹಳ್ಳಿಯಲ್ಲಿ ಯಾರಿಗೂ ಗೊತ್ತೇ ಆಗಲಿಲ್ಲ.

ಅಂಗವಿಕಲರ ಅಧಿನಿಯಮದ (ಅದೇ ಕಾಯ್ದೆಯ) ರಾಜ್ಯ ಆಯುಕ್ತರಿಗೆ ಕನ್ನಡದಲ್ಲೇ ಮನವಿ ಬರೆಯುತ್ತಿದ್ದೇನೆ. ಕರಡು ನಿಯಮಗಳು ಕನ್ನಡದಲ್ಲೂ ಸಿಗಬೇಕು ಅಂತಲೂ ಸೇರಿಸುತ್ತೇನೆ. ಕಾನೂನು ತಿಳಿದವರು ಒಮ್ಮೆ ಓದಿ ತಿದ್ದಿಕೊಡುತ್ತೀರಾ? ನಿಮ್ಮ ಮನೆಯಲ್ಲೂ ಅರ್ಜಿ ಹೀಗೇ ನಿಂತಿದ್ದರೆ ಜಿಲ್ಲೆ ಮತ್ತು ಅರ್ಜಿ ಹಾಕಿದ ತಿಂಗಳು ಬರೆಯಿರಿ. ಆಧಾರ್ ನಂಬರ್ ಮಾತ್ರ ಇಲ್ಲಿ ಹಾಕಬೇಡಿ.