ಮಿಕ್ಸಿಗೆ ಕಿವಿ ಮುಚ್ಚುವ ಮಗು ತಾನೇ ತಟ್ಟೆ ಬಡಿಯುವುದೇಕೆ?

ಪ್ರಶ್ನೆ:
ನಮ್ಮ ಮಗನಿಗೆ ಐದು ವರ್ಷ. ಆಟಿಸಂ ಇದೆಯೆಂದು ಕಳೆದ ವರ್ಷ ವೈದ್ಯರು ತಿಳಿಸಿದರು. ಮಿಕ್ಸಿ ಹಾಕಿದೊಡನೆ ಎರಡೂ ಕಿವಿ ಮುಚ್ಚಿಕೊಂಡು ಹಿತ್ತಿಲಿಗೆ ಓಡುವ ಇದೇ ಹುಡುಗ, ಸ್ಟೀಲ್ ತಟ್ಟೆಯನ್ನು ನೆಲಕ್ಕೆ ಬಡಿಯುತ್ತ ಅರ್ಧ ಗಂಟೆ ನಗುತ್ತಾ ಕೂರುತ್ತಾನೆ. ತಲೆ ಸವರಿದರೆ ಕಿರುಚುತ್ತಾನೆ, ಆದರೆ ಅಜ್ಜಿ ಬಿಗಿಯಾಗಿ ತಬ್ಬಿಕೊಂಡರೆ ಹಾಗೆಯೇ ನಿದ್ದೆ ಹೋಗುತ್ತಾನೆ. "ಎಲ್ಲ ಹಟ, ಎರಡು ಬಿಟ್ಟರೆ ಸರಿಹೋಗುತ್ತಾನೆ" ಎಂಬುದು ಬಂಧುಗಳ ಮಾತು. ಮುಂದಿನ ತಿಂಗಳು ಮನೆಯಲ್ಲಿ ಮದುವೆಯಿದೆ. ಅಷ್ಟರೊಳಗೆ ಅವನ ಕೂದಲನ್ನೂ ಕತ್ತರಿಸಬೇಕು. ದಾರಿ ತಿಳಿಸಿ.

ಉತ್ತರ 1 (ಆಕ್ಯುಪೇಷನಲ್ ಥೆರಪಿಸ್ಟ್):
ಇದು ಹಟವಲ್ಲ. ತಟ್ಟೆಯ ಸದ್ದು ಯಾವಾಗ ಹುಟ್ಟಬೇಕು, ಯಾವಾಗ ನಿಲ್ಲಬೇಕು ಎಂಬುದು ಅವನ ಕೈಯಲ್ಲಿದೆ. ಮಿಕ್ಸಿಯ ಸದ್ದು ಹೇಳದೆ ಕೇಳದೆ ಮೇಲೆರಗುತ್ತದೆ. 1943ರಲ್ಲಿ ಆಟಿಸಂ ಕುರಿತು ಬರೆದ ಪ್ರಸಿದ್ಧ ಪ್ರಬಂಧದಲ್ಲಿ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಅವರು, ಸದ್ದಿಗೆ ಅಂಜುವ ಮಕ್ಕಳು ತಾವಾಗಿಯೇ ಅಷ್ಟೇ ದೊಡ್ಡ ಸದ್ದನ್ನು ಸಂತೋಷದಿಂದ ಮಾಡಬಲ್ಲರು ಎಂಬುದನ್ನು ಗುರುತಿಸಿದ್ದರು. ಹಾಗಿದ್ದೂ ಇಂದ್ರಿಯಗಳ ಅತಿಸೂಕ್ಷ್ಮತೆ ಮಾನಸಿಕ ತೊಂದರೆಗಳನ್ನು ಗುರುತಿಸಲು ವೈದ್ಯರು ಬಳಸುವ ಅಮೆರಿಕದ ಡಿಎಸ್ಎಂ ಕೈಪಿಡಿಯ ಆಟಿಸಂ ಲಕ್ಷಣಗಳ ಪಟ್ಟಿಗೆ ಸೇರಿದ್ದು 2013ರಲ್ಲಿ! ಸ್ಪರ್ಶದ ವಿಷಯವೂ ಇಂಥದ್ದೇ: ಮೇಲಿಂದ ಮೇಲೆ ಸವರುವ ಹಗುರ ಸ್ಪರ್ಶ ಇಂಥ ಅನೇಕ ಮಕ್ಕಳಿಗೆ ಹುಳು ಹರಿದಂತೆ ಅಸಹನೀಯವಾಗಬಹುದು, ಗಟ್ಟಿಯಾದ ಸಮನಾದ ಒತ್ತಡ ಸಮಾಧಾನ ತರಬಹುದು. ಅಜ್ಜಿಗೆ ಇದು ಯಾರೂ ಹೇಳಿಕೊಡದೆಯೇ ತಿಳಿದಿದೆ. ಹೊಡೆದರೆ ಅವನು ಕಲಿಯುವುದು ಹೆದರಿಕೆಯನ್ನು ಮಾತ್ರ. ಕಿವಿಗಾಗುವ ಹಿಂಸೆ ಹಾಗೆಯೇ ಉಳಿಯುತ್ತದೆ.

ಉತ್ತರ 2 (ಒಬ್ಬ ತಾಯಿ):
ನನ್ನ ಮಗಳಿಗೀಗ ಒಂಬತ್ತು ವರ್ಷ. ಕ್ಷೌರದಂಗಡಿಯ ಮೆಷಿನ್ನನ್ನು ಬಿಟ್ಟು, ಮನೆಯಲ್ಲೇ ಕತ್ತರಿಯಿಂದ ದಿನಕ್ಕೊಂದಿಷ್ಟು ಕತ್ತರಿಸಿ ನಾಲ್ಕು ದಿನಗಳಲ್ಲಿ ಮುಗಿಸುತ್ತೇವೆ. ಕುತ್ತಿಗೆಯ ಮೇಲೆ ಬಿದ್ದ ಕೂದಲನ್ನು ಬ್ರಷ್ಷಿನಿಂದ ಕೊಡವದೆ ಒದ್ದೆ ಟವೆಲಿನಿಂದ ಒತ್ತಿ ತೆಗೆಯುತ್ತೇನೆ. ಮದುವೆಗೆ ಹೊಸ ಬಟ್ಟೆಯೇ ಬೇಕೆಂದಿದ್ದರೆ ಈಗಲೇ ತಂದು, ಕಾಲರಿನ ಲೇಬಲ್ ಬಿಚ್ಚಿ, ನಾಲ್ಕಾರು ಸಲ ಒಗೆಯಿರಿ. ಛತ್ರದಲ್ಲಿ ವಾಲಗದವರಿಂದ ದೂರದ ಒಂದು ಕೋಣೆಯನ್ನು ಮೊದಲೇ ಕೇಳಿಟ್ಟುಕೊಳ್ಳಿ. ಗಟ್ಟಿಮೇಳದ ಹೊತ್ತಿಗೆ ಅವನು ಅಲ್ಲಿರಲಿ, ನೆಂಟರು ಏನಾದರೂ ಅಂದುಕೊಳ್ಳಲಿ. ಸದ್ದು ತಡೆಯುವ ಹೆಡ್‌ಫೋನ್ ಒಳ್ಳೆಯದೇ, ಆದರೆ ದಿನವಿಡೀ ಬೇಡ. ಕಿವಿ ಮೌನಕ್ಕೆ ಒಗ್ಗಿಹೋದರೆ ಸಣ್ಣ ಸದ್ದೂ ದೊಡ್ಡದಾಗಿ ಕೇಳಿಸೀತು ಎಂದು ನಮ್ಮ ಥೆರಪಿಸ್ಟ್ ಎಚ್ಚರಿಸಿದ್ದರು.

ಉತ್ತರ 3:
ಒಂದು ಮಾತು ಸೇರಿಸುತ್ತೇನೆ. ಈ ತೊಂದರೆ ಇದ್ದಕ್ಕಿದ್ದಂತೆ ಹೆಚ್ಚಿದ್ದರೆ ಕಿವಿಯ ವೈದ್ಯರಿಗೆ ತೋರಿಸಿ. ನೋವನ್ನು ಬಾಯಿಬಿಟ್ಟು ಹೇಳಲಾಗದ ಮಕ್ಕಳಲ್ಲಿ ಕಿವಿಯ ಸೋಂಕು ಕೂಡ ಹೀಗೆಯೇ ಕಾಣಿಸಿಕೊಳ್ಳಬಹುದು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಇಂದು ಬೆಳಿಗ್ಗೆ ಚಟ್ನಿ ರುಬ್ಬುವ ಮೊದಲು ಅವನಿಗೆ ಹೇಳಿ, ಮಿಕ್ಸಿಯ ಗುಂಡಿಯನ್ನು ಅವನಿಂದಲೇ ತಿರುಗಿಸಿದೆ. ಒಂದು ಕ್ಷಣ ಓಡಿಸಿ ತಾನೇ ನಿಲ್ಲಿಸಿದ, ಮತ್ತೆ ಓಡಿಸಿದ. ಇನ್ನೊಂದು ಕೈ ಕಿವಿಯ ಮೇಲೆಯೇ ಇತ್ತು, ಆದರೆ ಹಿತ್ತಿಲಿಗೆ ಓಡಲಿಲ್ಲ.