ವಿಯೆಟ್ನಾಂಗೆ ಡಾಲರ್ ಒಯ್ಯಬೇಕಾ, ಕಾರ್ಡ್ ಸಾಕಾ? ಮನೆಯಲ್ಲಿ ಜಗಳ ನಡೀತಿದೆ

ಬೆಣ್ಣೆದೋಸೆ_ಡಿವಿಜಿ:

ಎಲ್ಲರಿಗೂ ನಮಸ್ಕಾರ. ಅಪ್ಪ, ಅಮ್ಮ, ನಾನು ಮುಂದಿನ ತಿಂಗಳು ವಿಯೆಟ್ನಾಂಗೆ ಹೊರಟಿದ್ದೇವೆ. ಪ್ರವಾಸ ಪೂರ್ತಿ ಒಂದು ವಾರವೂ ಇಲ್ಲ. ಹನೋಯ್, ಹಾ ಲಾಂಗ್ ಕೊಲ್ಲಿ, ಆಮೇಲೆ ಡಾ ನಾಂಗ್, ಹೊಯ್ ಆನ್, ಅಷ್ಟೇ. ವಿಮಾನದ ಟಿಕೆಟ್ ಆಗಿದೆ. ಹೋಟೆಲ್ ಬುಕ್ ಆಗಿದೆ, ಆದರೆ ದುಡ್ಡು ಅಲ್ಲಿಗೆ ಹೋದ ಮೇಲೆ ಕೊಡಬೇಕು. ಹೋಟೆಲ್, ಊಟ, ಓಡಾಟ, ಅಮ್ಮನ ಶಾಪಿಂಗ್ ಎಲ್ಲ ಸೇರಿ ಹೆಚ್ಚು ಕಡಿಮೆ 80 ಸಾವಿರ ರೂಪಾಯಿ ಅಂತ ಅಂದಾಜು ಹಾಕಿದ್ದೇನೆ.

ಈಗ ಜಗಳ ಏನಂದ್ರೆ, ಪೂರ್ತಿ ನಗದು ಒಯ್ಯಬೇಕು ಅನ್ನೋದು ಅಪ್ಪನ ವಾದ. ಬನಿಯನ್ ಒಳಗೆ ಜೇಬು ಹೊಲಿಸಿಕೊಳ್ಳೋ ಯೋಚನೆಯಲ್ಲಿದ್ದಾರೆ. ಚಿಕ್ಕಪ್ಪನ ಮಗ ಅಮೆರಿಕಕ್ಕೆ ಹೋಗಿ ಬಂದವನು, ಫಾರೆಕ್ಸ್ ಕಾರ್ಡ್ (ಮೊದಲೇ ವಿದೇಶಿ ಕರೆನ್ಸಿ ತುಂಬಿಸಿಕೊಂಡು ಹೋಗೋ ಕಾರ್ಡ್) ಇಲ್ಲದೆ ದೇಶ ಬಿಡಲೇಬಾರದು ಅಂತಾನೆ. ನಾನು ಎಳನೀರಿಗೂ ಫೋನ್ ಹಿಡಿದು ಸ್ಕ್ಯಾನ್ ಮಾಡುವವಳು. ಅಲ್ಲಿ ಯುಪಿಐ ನಡೆಯುತ್ತದಾ? ನಡೆಯದಿದ್ದರೆ ಎಷ್ಟು ನಗದು, ಎಷ್ಟು ಕಾರ್ಡ್? ಯಾವುದರಲ್ಲಿ ಕಡಿಮೆ ಕೈ ಕಚ್ಚುತ್ತದೆ? ಹೋಗಿ ಬಂದವರು ದಯವಿಟ್ಟು ಹೇಳಿ. ಅಪ್ಪ ಅಮ್ಮ ಇಬ್ಬರೂ ಶುದ್ಧ ಸಸ್ಯಾಹಾರಿ, ಹಾಗಾಗಿ ಊಟಕ್ಕೆ ಎಲ್ಲೆಂದರಲ್ಲಿ ಹೋಗೋಕೂ ಆಗಲ್ಲ.

ಲೆಕ್ಕದ_ಪುಸ್ತಕ:

ಮೊದಲು ನಿಮ್ಮ ಚಿಕ್ಕಪ್ಪನ ಮಗನ ಮಾತು ತಗೊಳ್ಳೋಣ. ಅಮೆರಿಕಕ್ಕೆ ಅವನು ಹೇಳಿದ್ದು ಸರಿ. ವಿಯೆಟ್ನಾಂಗೆ ಅದು ಹೊಂದಲ್ಲ. ಫಾರೆಕ್ಸ್ ಕಾರ್ಡಿನಲ್ಲಿ ಡಾಲರ್, ಯೂರೋ, ಪೌಂಡ್, ಸಿಂಗಾಪುರ ಡಾಲರ್ ಹೀಗೆ ಕೆಲವು ಕರೆನ್ಸಿ ಮಾತ್ರ ತುಂಬಿಸಿಕೊಳ್ಳಬಹುದು. ವಿಯೆಟ್ನಾಂನ ಡಾಂಗ್ ಸಾಮಾನ್ಯವಾಗಿ ಆ ಪಟ್ಟಿಯಲ್ಲಿ ಇರಲ್ಲ. ನೀವು ಡಾಲರ್ ತುಂಬಿಸಿಕೊಂಡು ಹೋಗಿ ಡಾಂಗ್‌ನಲ್ಲಿ ಬಿಲ್ ಕಟ್ಟಿದರೆ ಕಾರ್ಡಿನವರು ಅದಕ್ಕೆ ಕ್ರಾಸ್ ಕರೆನ್ಸಿ ಶುಲ್ಕ ಅಂತ ಮತ್ತೆ ಹಾಕುತ್ತಾರೆ, ಬಹಳಷ್ಟು ಕಾರ್ಡುಗಳಲ್ಲಿ ಅದು ಶೇ. 3ರ ಮೇಲೇ ಇರುತ್ತದೆ. ಅಲ್ಲಿಗೆ ಫಾರೆಕ್ಸ್ ಕಾರ್ಡ್ ಮಾಡಿಸಿದ ಉದ್ದೇಶವೇ ಹೋಯ್ತು.

ಇನ್ನು ಮಾಮೂಲಿ ಡೆಬಿಟ್, ಕ್ರೆಡಿಟ್ ಕಾರ್ಡ್. ಹೆಚ್ಚಿನ ಬ್ಯಾಂಕುಗಳು ವಿದೇಶದ ಖರ್ಚಿನ ಮೇಲೆ ಶೇ. 3.5 ಮಾರ್ಕಪ್, ಅಂದರೆ ಹೆಚ್ಚುವರಿ ಶುಲ್ಕ, ಹಾಕುತ್ತವೆ, ಆ ಮಾರ್ಕಪ್ ಮೇಲೆ ಶೇ. 18 ಜಿಎಸ್‌ಟಿ. ಎರಡೂ ಸೇರಿ ಶೇ. 4.13. ಅಂದರೆ ನಿಮ್ಮ 80 ಸಾವಿರವನ್ನೂ ಕಾರ್ಡಿನಲ್ಲೇ ಉಜ್ಜಿದರೆ 3,304 ರೂಪಾಯಿ ಸುಮ್ನೆ ಹೋಗುತ್ತದೆ. ಮಾರ್ಕಪ್ ಇಲ್ಲದ ಕಾರ್ಡುಗಳೂ ಈಗ ಸಿಗುತ್ತವೆ, ಇನ್ನೂ ಒಂದು ತಿಂಗಳು ಇದೆಯಲ್ಲ, ಒಂದು ಮಾಡಿಸಿಕೊಳ್ಳಿ.

ಡಾಲರ್ ನಗದು ಕೊಂಡರೆ ಜಿಎಸ್‌ಟಿ ಬಹಳ ಕಡಿಮೆ. ಒಂದು ಲಕ್ಷದವರೆಗೆ ಮೊತ್ತದ ಶೇ. 1ರ ಮೇಲೆ ಶೇ. 18, ಅಂದರೆ 80 ಸಾವಿರಕ್ಕೆ 144 ರೂಪಾಯಿ. ಹೊಡೆತ ಬೀಳೋದು ರೇಟಿನಲ್ಲಿ. ಗೂಗಲ್‌ನಲ್ಲಿ ಕಾಣೋ ರೇಟಿಗೂ ಅಂಗಡಿಯವನು ಹೇಳೋ ರೇಟಿಗೂ ಎಷ್ಟು ವ್ಯತ್ಯಾಸ ಅಂತ ನೋಡಿ, ಎರಡು ಮೂರು ಕಡೆ ಕೇಳಿ, ಚೌಕಾಸಿ ಮಾಡಿ. ತರಕಾರಿಗೆ ಮಾಡ್ತೀವಿ, ಡಾಲರಿಗೆ ಯಾಕೆ ನಾಚಿಕೆ? ಏರ್‌ಪೋರ್ಟ್ ಒಳಗೆ ಕೊಳ್ಳೋದನ್ನು ಮಾತ್ರ ಕೊನೆಯ ದಾರಿ ಅಂತ ಇಟ್ಟುಕೊಳ್ಳಿ. ಪಾನ್ ಕಾರ್ಡ್, ಪಾಸ್‌ಪೋರ್ಟ್, ಟಿಕೆಟ್ ಕೇಳುತ್ತಾರೆ. 50 ಸಾವಿರ ರೂಪಾಯಿ ದಾಟಿದರೆ ನಗದು ಕೊಟ್ಟು ಕೊಳ್ಳೋಕೆ ಬರಲ್ಲ, ಬ್ಯಾಂಕಿನಿಂದ ಟ್ರಾನ್ಸ್‌ಫರ್ ಮಾಡಬೇಕು.

ಯುಪಿಐ ಸಿಂಗಾಪುರ, ಶ್ರೀಲಂಕಾ, ನೇಪಾಳ, ಭೂತಾನ್, ಮಾರಿಷಸ್, ಯುಎಇ ಕಡೆ ಕೆಲವು ಅಂಗಡಿಗಳಲ್ಲಿ ನಡೆಯುತ್ತದೆ. ವಿಯೆಟ್ನಾಂನಲ್ಲಿ ಅದನ್ನು ನಂಬಿಕೊಂಡು ಹೋಗಬೇಡಿ.

ಸುಮ್ನೆ_ಶಿವಮೊಗ್ಗ:

ಗುರು ಇಷ್ಟೆಲ್ಲಾ ಲೆಕ್ಕ ಯಾಕೆ. ಅಪ್ಪ ಹೇಳಿದ್ದೇ ಸರಿ. ಡಾಲರ್ ತಗೊಳ್ಳಿ, ಅಲ್ಲಿ ಬದಲಿಸಿ, ಖರ್ಚು ಮಾಡಿ, ವಾಪಸ್ ಬನ್ನಿ. ಕಾರ್ಡ್ ಗೀರ್ಡ್ ಎಲ್ಲ ತಲೆನೋವು. ಬನಿಯನ್ ಜೇಬು ಸೂಪರ್ ಐಡಿಯಾ.

ಹನೋಯ್_ಕನ್ನಡಿಗ:

ನಾನು ಇಲ್ಲೇ ಕೆಲಸದಲ್ಲಿ ಇರೋದು. ಮೇಲಿನ ಲೆಕ್ಕ ಸರಿ ಇದೆ, ಆದರೆ ಇಲ್ಲಿಗೆ ಬಂದ ಮೇಲೆ ಕಷ್ಟ ಆಗೋದು ಶೇಕಡಾವಾರಿನಲ್ಲಿ ಅಲ್ಲ, ಸೊನ್ನೆಗಳಲ್ಲಿ.

ಒಂದು ರೂಪಾಯಿಗೆ ಹೆಚ್ಚು ಕಡಿಮೆ 300 ಡಾಂಗ್. ರಸ್ತೆ ಬದಿ ಕಾಫಿ 30 ಸಾವಿರ, ಅಂದರೆ ನಮ್ಮ 100 ರೂಪಾಯಿ. ಮೆನುವಿನಲ್ಲಿ ಮೂರು ಸೊನ್ನೆ ತೆಗೆದು 30 ಕೆ ಅಂತ ಬರೆದಿರುತ್ತಾರೆ. ಸೊನ್ನೆ ತೆಗೆದ ಸಂಖ್ಯೆಯನ್ನು ಮೂರೂಕಾಲರಿಂದ ಗುಣಿಸಿದರೆ ಸುಮಾರಾಗಿ ರೂಪಾಯಿ ಸಿಗುತ್ತದೆ, ಮೊದಲ ದಿನವೇ ಅಭ್ಯಾಸ ಆಗುತ್ತದೆ. ನೋಟುಗಳದ್ದು ಇನ್ನೊಂದು ಕತೆ. ಎಲ್ಲದರ ಮೇಲೂ ಹೋ ಚಿ ಮಿನ್ ಮುಖವೇ. 20 ಸಾವಿರದ ನೋಟೂ ನೀಲಿ, 5 ಲಕ್ಷದ ನೋಟೂ ನೀಲಿ, ಎರಡೂ ಪಾಲಿಮರ್, ಅಗಲ ಒಂದೇ, ದೊಡ್ಡದು ಸ್ವಲ್ಪ ಉದ್ದ ಅಷ್ಟೇ. ಕತ್ತಲಲ್ಲಿ ಟ್ಯಾಕ್ಸಿ ಇಳಿಯೋವಾಗ 66 ರೂಪಾಯಿ ಕೊಡೋ ಜಾಗದಲ್ಲಿ 1,600 ರೂಪಾಯಿ ಹೋಗಿಬಿಡುತ್ತದೆ, ಡ್ರೈವರ್ ವಾಪಸ್ ಕೊಡೋದು ಅವನ ಒಳ್ಳೆಯತನಕ್ಕೆ ಬಿಟ್ಟಿದ್ದು. ಹಿಂದೆ ತಿರುಗಿಸಿ ನೋಡಿ. 20 ಸಾವಿರದ್ದರ ಹಿಂದೆ ಹೊಯ್ ಆನ್‌ನ ಜಪಾನಿ ಸೇತುವೆ ಇದೆ, ನೀವು ಹೇಗೂ ಅದನ್ನು ಕಣ್ಣಾರೆ ನೋಡೋಕೆ ಹೋಗ್ತಿದ್ದೀರಿ. 5 ಲಕ್ಷದ್ದರ ಹಿಂದೆ ಹೋ ಚಿ ಮಿನ್ ಹುಟ್ಟೂರಿನ ಮನೆ. ನಾನು ಊರಿನಿಂದ ಬಂದವರಿಗೆಲ್ಲ ಹೇಳೋದು ಒಂದೇ: 5 ಲಕ್ಷದ ನೋಟುಗಳನ್ನು ಪರ್ಸಿನ ಬೇರೆ ಖಾನೆಯಲ್ಲಿ ಇಡಿ, ಉಳಿದದ್ದರ ಜೊತೆ ಸೇರಿಸಲೇಬೇಡಿ.

ಎಲ್ಲಿ ಕಾರ್ಡ್, ಎಲ್ಲಿ ನಗದು ಅಂತ ಕೇಳಿದ್ದಿರಿ. ಸ್ವಲ್ಪ ದೊಡ್ಡ ಹೋಟೆಲ್, ಮಾಲ್, ಸೂಪರ್ ಮಾರ್ಕೆಟ್, ಇಲ್ಲೆಲ್ಲ ಕಾರ್ಡ್ ತಗೊಳ್ಳುತ್ತಾರೆ. ಸಣ್ಣ ಹೋಟೆಲ್‌ನವರು, ಬೋಟ್ ಟ್ರಿಪ್ಪಿನವರು ಕಾರ್ಡ್ ತಗೊಂಡರೂ ಶೇ. 2 ಅಥವಾ 3 ಜಾಸ್ತಿ ಹಾಕೋದು ಮಾಮೂಲು, ಹಾಗಾಗಿ ಕಾರ್ಡ್ ಕೊಡೋ ಮುಂಚೆಯೇ ಎಕ್ಸ್ಟ್ರಾ ಎಷ್ಟು ಅಂತ ಕೇಳಿಬಿಡಿ. ಸಂತೆ, ರಸ್ತೆ ಬದಿ ಅಂಗಡಿ ಎಲ್ಲ ನಗದು. ಇಲ್ಲಿನವರು ಬಾಳೆಹಣ್ಣಿಗೂ ಕ್ಯೂಆರ್ ಸ್ಕ್ಯಾನ್ ಮಾಡ್ತಾರೆ, ನಮ್ಮೂರಿನ ಹಾಗೇ, ಆದರೆ ಅದು ಇಲ್ಲಿನ ಬ್ಯಾಂಕ್ ಖಾತೆ ಇದ್ದವರಿಗೆ. ಸಸ್ಯಾಹಾರಕ್ಕೆ ‘ಚಾಯ್’ ಅಂತ ಬೋರ್ಡ್ ಹಾಕಿರೋ ಅಂಗಡಿ ಹುಡುಕಿ, ಬಹಳಷ್ಟು ಸಣ್ಣ ಅಂಗಡಿಗಳೇ, ಅಲ್ಲೂ ನಗದೇ ಬೇಕು. ಹೊಯ್ ಆನ್ ಹಳೇ ಪೇಟೆಯ ಟಿಕೆಟ್ ವಿದೇಶಿಯರಿಗೆ 1 ಲಕ್ಷ 20 ಸಾವಿರ ಡಾಂಗ್. ಟ್ಯಾಕ್ಸಿಗೆ ಗ್ರಾಬ್ ಆಪ್ ಬಳಸಿ, ದರ ಮೊದಲೇ ಕಾಣುತ್ತದೆ, ನಗದು ಕೊಡಬಹುದು. ಚಿಲ್ಲರೆ ಮಾತ್ರ ನಿಮ್ಮ ಹತ್ತಿರವೇ ಇರಲಿ.

ಬದಲಿಸೋದರ ಬಗ್ಗೆ. 100 ಡಾಲರ್ ನೋಟು, ಹೊಸದು, ಮಡಿಕೆ ಇಲ್ಲದ್ದು, ಪೆನ್ನಿನ ಗೀಟು ಇಲ್ಲದ್ದು ತನ್ನಿ. ಸಣ್ಣ ನೋಟಿಗೆ ರೇಟ್ ಕಡಿಮೆ, ಹರಿದದ್ದನ್ನು ಮುಟ್ಟೋದೇ ಇಲ್ಲ. ಅಪ್ಪನವರ ಬನಿಯನ್ ಜೇಬಿನಲ್ಲಿ ಬೆವರಿಗೆ ಮುದುಡಿದ ನೋಟಿಗೆ ಇಲ್ಲಿ ಮರ್ಯಾದೆ ಇಲ್ಲ, ಅದನ್ನು ಅವರಿಗೆ ನೀವೇ ಹೇಳಿ, ನಾನು ಹೇಳಲ್ಲ. ಎಲ್ಲರೂ ಚಿನ್ನದಂಗಡಿಗೆ ಹೋಗಿ ಬದಲಿಸಿ ಅಂತಾರೆ, ಹನೋಯ್‌ನ ಹಾ ಚುಂಗ್ ಬೀದಿ ಅದಕ್ಕೇ ಹೆಸರುವಾಸಿ. ಆದರೆ ಪರವಾನಗಿ ಇಲ್ಲದ ಕಡೆ ಡಾಲರ್ ಬದಲಿಸೋದು ಕಾನೂನಿನ ಪ್ರಕಾರ ತಪ್ಪು. 2018ರಲ್ಲಿ ಕಾನ್ ಥೋ ಊರಿನ ಒಬ್ಬ ಎಲೆಕ್ಟ್ರಿಷಿಯನ್ ಚಿನ್ನದಂಗಡಿಯಲ್ಲಿ ಬರೀ 100 ಡಾಲರ್ ಬದಲಿಸಿದ್ದಕ್ಕೆ 9 ಕೋಟಿ ಡಾಂಗ್ ದಂಡ ಹಾಕಿದ್ದರು. ದೇಶವೆಲ್ಲ ಗಲಾಟೆ ಆಗಿ ಆಮೇಲೆ ಮನ್ನಾ ಮಾಡಿದರು, ಮರುವರ್ಷ ಸಣ್ಣ ಮೊತ್ತಕ್ಕೆ ಬರೀ ಎಚ್ಚರಿಕೆ ಅಂತ ನಿಯಮವನ್ನೂ ಸಡಿಲಿಸಿದರು. ಆದರೂ ಎರಡು ಕಾಸು ಜಾಸ್ತಿ ಸಿಗುತ್ತದೆ ಅಂತ ವಯಸ್ಸಾದವರನ್ನು ಕರಕೊಂಡು ಆ ಗಲ್ಲಿ ಅಲೆಯೋದು ಬೇಡ. ಏರ್‌ಪೋರ್ಟಿನಲ್ಲಿ 100 ಡಾಲರ್ ಬದಲಿಸಿಕೊಳ್ಳಿ, ಉಳಿದದ್ದು ಊರೊಳಗಿನ ಬ್ಯಾಂಕಿನಲ್ಲಿ. ಪಾಸ್‌ಪೋರ್ಟ್ ಕೇಳುತ್ತಾರೆ, ಮಧ್ಯಾಹ್ನ ಊಟದ ಹೊತ್ತಿಗೆ ಬಾಗಿಲು ಹಾಕುತ್ತಾರೆ.

ಕೌಂಟರ್_ನಂ_4:

ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಶಿವಮೊಗ್ಗದ ಸ್ನೇಹಿತರ ಮಾತು ಒಪ್ಪಲ್ಲ. ನಗದು ಕಳೆದರೆ ಕಳೀತು. ಕಾರ್ಡ್ ಕಳೆದರೆ ಫೋನಿನಲ್ಲಿ ಬ್ಲಾಕ್ ಮಾಡಬಹುದು. ಮೂರು ಜನ ಹೋಗೋವಾಗ ಎಲ್ಲ ದುಡ್ಡೂ ಒಬ್ಬರ ಮೈಮೇಲೆ ಇರೋದು ಯಾವ ಜಾಣತನ? ಹೋಟೆಲ್ ಬಿಲ್ ಕಾರ್ಡಿನಲ್ಲಿ ಕಟ್ಟಿ, ಅಷ್ಟು ನಗದು ಹೊರೋದು ತಪ್ಪುತ್ತದೆ.

ಆದರೆ ಮಗಳೇ, ಹೊರಡೋ ಮುಂಚೆ ಕಾರ್ಡ್ ಅಲ್ಲಿ ನಡೆಯುತ್ತದಾ ಅಂತ ನೋಡಿಕೊಳ್ಳಬೇಕು. 2020ರಿಂದ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಹೊಸ ಕಾರ್ಡುಗಳಲ್ಲಿ ವಿದೇಶದ ಬಳಕೆ ಆಫ್ ಆಗಿಯೇ ಬರುತ್ತದೆ. ಬ್ಯಾಂಕಿನ ಆಪ್‌ನಲ್ಲಿ ನೀವೇ ಆನ್ ಮಾಡಿಕೊಳ್ಳಬೇಕು. ಜನ ಎಡವೋದು ಎಲ್ಲಿ ಅಂದ್ರೆ, ಆನ್‌ಲೈನ್‌ಗೆ ಒಂದು ಸ್ವಿಚ್ಚು, ಅಂಗಡಿಯ ಮೆಷಿನ್‌ಗೆ ಒಂದು, ಎಟಿಎಂಗೆ ಇನ್ನೊಂದು. ವಿಯೆಟ್ನಾಂ ಇ-ವೀಸಾಗೆ 25 ಡಾಲರ್ ಕಟ್ಟೋವಾಗ ಕಾರ್ಡ್ ನಡೆಯಿತು, ಇನ್ನು ಚಿಂತೆ ಇಲ್ಲ ಅಂದುಕೊಂಡು ಹೋಗುತ್ತಾರೆ. ಅದು ಬರೀ ಆನ್‌ಲೈನ್ ಸ್ವಿಚ್ಚು. ಎಟಿಎಂ ಮುಂದೆ ನಿಂತಾಗ ಕಾರ್ಡ್ ನಡೆಯಲ್ಲ. ಎಲ್ಲವನ್ನೂ ಆನ್ ಮಾಡಿ, ಮಿತಿಯನ್ನು ಮಾತ್ರ ಕಡಿಮೆ ಇಡಿ. ವಿದೇಶಿ ವೆಬ್‌ಸೈಟುಗಳಲ್ಲಿ ಒಟಿಪಿ ಕೇಳದೆಯೇ ದುಡ್ಡು ಹೋಗಬಹುದು, ಅದಕ್ಕೇ ಮಿತಿ ಮುಖ್ಯ. ವಾಪಸ್ ಬಂದ ದಿನವೇ ಎಲ್ಲ ಆಫ್. ಹಳೇ ಸಾದಾ ರುಪೇ ಡೆಬಿಟ್ ಕಾರ್ಡುಗಳು ಹೊರದೇಶದಲ್ಲಿ ನಡೆಯಲ್ಲ, ನಿಮ್ಮ ತಂದೆಯವರದ್ದು ಪಿಂಚಣಿ ಖಾತೆಯ ಕಾರ್ಡ್ ಆಗಿದ್ದರೆ ಒಮ್ಮೆ ತಿರುಗಿಸಿ ನೋಡಿ. ಎರಡು ಬೇರೆ ಬೇರೆ ಬ್ಯಾಂಕಿನ ಕಾರ್ಡ್ ಇರಲಿ, ಒಂದು ನಿಮ್ಮ ಹತ್ತಿರ, ಒಂದು ಅಮ್ಮನ ಹತ್ತಿರ.

ಇನ್ನೊಂದು. ಮೆಷಿನ್ ಅಥವಾ ಎಟಿಎಂ ‘ರೂಪಾಯಿನಲ್ಲಿ ಕಟ್ತೀರಾ, ಡಾಂಗ್‌ನಲ್ಲಾ’ ಅಂತ ಕೇಳುತ್ತದೆ. ರೂಪಾಯಿ ನೋಡಿದ ತಕ್ಷಣ ನಮ್ಮವರಿಗೆ ಖುಷಿ, ಒತ್ತಿಬಿಡುತ್ತಾರೆ. ಆಗ ರೇಟ್ ಹಾಕೋದು ಅಲ್ಲಿನ ಮೆಷಿನ್‌ನವರು, ನಮ್ಮ ಕಾರ್ಡ್ ಕಂಪನಿ ಅಲ್ಲ, ಅದು ಯಾವತ್ತೂ ದುಬಾರಿ. ಡಾಂಗ್ ಅನ್ನೇ ಒತ್ತಿ. ಎಟಿಎಂನಲ್ಲಿ ‘ಡಿಕ್ಲೈನ್ ಕನ್ವರ್ಷನ್’ ಅಂತ ಬಟನ್ ಬರುತ್ತದೆ. ಡಿಕ್ಲೈನ್ ಒತ್ತಿದರೆ ದುಡ್ಡೇ ಬರಲ್ಲ ಅಂತ ಹೆದರಬೇಡಿ, ಅವರ ರೇಟ್ ಬೇಡ ಅಂದಂತೆ ಅಷ್ಟೇ, ದುಡ್ಡು ಬರುತ್ತದೆ. ಕ್ರೆಡಿಟ್ ಕಾರ್ಡಿನಲ್ಲಿ ಮಾತ್ರ ಎಟಿಎಂ ದುಡ್ಡು ತೆಗೀಬೇಡಿ, ಅದಕ್ಕೆ ಬೇರೆ ಶುಲ್ಕ, ಜೊತೆಗೆ ಅವತ್ತಿನಿಂದಲೇ ಬಡ್ಡಿ.

ಸುಮ್ನೆ_ಶಿವಮೊಗ್ಗ:

ಸರ್, ಆ ಡಿಕ್ಲೈನ್ ಬಟನ್ ವಿಷಯ ಗೊತ್ತಿರಲಿಲ್ಲ. ನಗದು ವಾದ ಬಿಡಲ್ಲ, ಆದರೆ ಹಂಚಿಕೊಂಡು ಇಟ್ಟುಕೊಳ್ಳಿ ಅನ್ನೋದು ಒಪ್ಪಿದೆ.

ಬೆಣ್ಣೆದೋಸೆ_ಡಿವಿಜಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಪ್ಪನಿಗೆ ಪೂರ್ತಿ ಓದಿ ಹೇಳಿದೆ, ಮುದುಡಿದ ನೋಟಿಗೆ ಮರ್ಯಾದೆ ಇಲ್ಲ ಅನ್ನೋದು ಕೇಳಿ ಟೈಲರ್ ಹತ್ತಿರ ಹೋಗೋ ಪ್ಲಾನ್ ಬಿಟ್ಟರು. ಈಗಿನ ಯೋಚನೆ ಹೀಗಿದೆ: 400 ಡಾಲರ್ ನಗದು, ಎಲ್ಲ ನೂರರ ನೋಟು, ಅಪ್ಪ ಮತ್ತು ನಾನು ಅರ್ಧರ್ಧ. ಹೋಟೆಲ್ ಬಿಲ್ ಮಾರ್ಕಪ್ ಇಲ್ಲದ ಕಾರ್ಡಿನಲ್ಲಿ, ಅರ್ಜಿ ಇವತ್ತೇ ಹಾಕಿದೆ. ಡಾ ನಾಂಗ್ ಹತ್ತಿರದ ಬೆಟ್ಟದ ಪಾರ್ಕ್ ಬಾ ನಾ ಹಿಲ್ಸ್ ಟಿಕೆಟ್ ಮೂವರಿಗೂ ದೊಡ್ಡ ಮೊತ್ತ ಆಗುತ್ತದೆ, ಅದನ್ನು ಇಲ್ಲಿಂದಲೇ ಆನ್‌ಲೈನ್ ತಗೋತೀನಿ. ಅಪ್ಪನ ಕಾರ್ಡ್ ತಿರುಗಿಸಿ ನೋಡಿದೆ ಸರ್, ನೀವು ಹೇಳಿದ ಹಾಗೇ ಸಾದಾ ರುಪೇ. ಅದನ್ನು ಮನೆಯಲ್ಲೇ ಬಿಡ್ತೀವಿ, ಅಮ್ಮನ ಕೈಗೆ ನನ್ನ ಇನ್ನೊಂದು ಬ್ಯಾಂಕಿನ ಕಾರ್ಡ್ ಕೊಡ್ತೀನಿ.

ಒಂದೇ ಡೌಟ್. ಕೊನೆಗೆ ಡಾಂಗ್ ಉಳಿದರೆ ಏನು ಮಾಡೋದು? ದಾವಣಗೆರೆಯಲ್ಲಿ ಯಾರಾದರೂ ತಗೊಳ್ತಾರಾ?

ಹನೋಯ್_ಕನ್ನಡಿಗ:

ದಾವಣಗೆರೆ ಬಿಡಿ, ಬೆಂಗಳೂರಿನಲ್ಲೂ ಡಾಂಗ್ ಮಾರೋದು ಕಷ್ಟ, ತಗೊಂಡರೂ ಕಣ್ಣೀರು ಬರೋ ರೇಟು. ಅದಕ್ಕೇ ಒಂದೊಂದೇ ನೂರು ಡಾಲರ್ ಬದಲಿಸುತ್ತಾ ಹೋಗಿ, ಕೊನೆಯ ಎರಡು ದಿನ ಹೊಸದಾಗಿ ಬದಲಿಸಬೇಡಿ. ಮುಟ್ಟದೆ ಉಳಿದ ಡಾಲರ್ ನೋಟು ಊರಿಗೆ ವಾಪಸ್ ಬಂದರೂ ನಷ್ಟ ಇಲ್ಲ, ಮುಂದಿನ ಟ್ರಿಪ್ಪಿಗೆ ಆಗುತ್ತದೆ. 2,000 ಡಾಲರ್‌ವರೆಗೆ ಇಟ್ಟುಕೊಳ್ಳೋಕೆ ನಮ್ಮ ಕಾನೂನಿನಲ್ಲೇ ಅವಕಾಶ ಇದೆ. ಡಾಂಗ್ ಜಾಸ್ತಿ ಉಳಿದರೆ ಕೊನೆಯ ಹೋಟೆಲ್ ಬಿಲ್ಲಿನಲ್ಲಿ ಅಷ್ಟನ್ನು ನಗದು ಕೊಟ್ಟು ಬಾಕಿ ಮಾತ್ರ ಕಾರ್ಡಿನಲ್ಲಿ ಹಾಕಿ ಅನ್ನಿ, ಸಾಮಾನ್ಯವಾಗಿ ಒಪ್ಪುತ್ತಾರೆ. ಏರ್‌ಪೋರ್ಟಿಗೆ ಹೋಗೋ ಟ್ಯಾಕ್ಸಿಗೆ ಬೇಕಾದಷ್ಟು ಮಾತ್ರ ತೆಗೆದಿಡಿ.